ಮನೆಯಲ್ಲಿ ಕೂತು ಸಂಘ ಕಟ್ಟಬಹುದೇ?

ಪ್ರಶ್ನೆ: ಶಿವಮೊಗ್ಗದಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ದುಡಿಯುತ್ತೇನೆ. ಸಹೋದ್ಯೋಗಿಗಳಲ್ಲಿ ಹೆಚ್ಚಿನವರನ್ನು ಮುಖತಃ ಕಂಡಿಲ್ಲ. ನಮ್ಮಂಥವರು ಕಾರ್ಮಿಕ ಸಂಘ ಕಟ್ಟಬಹುದೇ?

ಉತ್ತರ: ಧಾರಾಳವಾಗಿ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಎಲ್ಲರೂ ಒಂದೇ ಸೂರಿನಡಿ ಕೂತಿರಬೇಕೆಂಬ ಷರತ್ತಿಲ್ಲ. ನೋಂದಣಿಗೆ ಅರ್ಜಿ ಹಾಕಲು 7 ಮಂದಿ ಸಾಕು. ಆದರೆ ಆ ಸಂಸ್ಥೆ ಅಥವಾ ಉದ್ಯಮದ ನೌಕರರಲ್ಲಿ ಶೇ. 10 ಇಲ್ಲವೇ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು.

ಹೊಸದಾಗಿ ಕಟ್ಟಲೇಬೇಕೆಂದೇನೂ ಇಲ್ಲ. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಅಂದರೆ 'ಕಿಟು', 2017ರಿಂದ ಇದೆ. 2024ರಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಏರಿಸುವ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು ಇದೇ ಸಂಘ.

ಕಷ್ಟ ಇರುವುದು ಕಾನೂನಿನಲ್ಲಲ್ಲ, ಮಾತುಕತೆಯಲ್ಲಿ. ಕಾರ್ಖಾನೆಯವರು ಪಾಳಿ ಮುಗಿಸಿ ಗೇಟಿನಾಚೆಯ ಟೀ ಅಂಗಡಿಯಲ್ಲಿ ಸೇರುತ್ತಿದ್ದರು. ನಿಮಗೆ ಆ ಅಂಗಡಿಯೇ ಇಲ್ಲ. ಹಾಗೆಂದು ಕಂಪನಿಯ ಚಾಟ್‌ನಲ್ಲಿ ಈ ವಿಷಯ ಎತ್ತಬೇಡಿ. ಅಲ್ಲಿ ಬರೆದದ್ದನ್ನು, ಖಾಸಗಿ ಸಂದೇಶವನ್ನೂ ಸೇರಿಸಿ, ಆಡಳಿತ ತೆಗೆದು ನೋಡಬಹುದು. ಕಂಪನಿಯ ಲ್ಯಾಪ್‌ಟಾಪೂ ಬೇಡ, ಇಮೇಲೂ ಬೇಡ. ಸ್ವಂತ ಫೋನು, ಸ್ವಂತ ನಂಬರು, ಕೆಲಸದ ವೇಳೆ ಮುಗಿದ ಮೇಲೆ ಒಬ್ಬೊಬ್ಬರಿಗೇ ಕರೆ. ಮೊದಲ ದಿನವೇ ವಾಟ್ಸ್ಆ್ಯಪ್ ಗುಂಪು ಮಾಡಿದರೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜರ್‌ಗೆ ಮುಟ್ಟಿಸುತ್ತಾರೆ, ಬಿಡಿ. ಕರೆಯಲ್ಲೂ ಸಂಘದ ಮಾತಿನಿಂದ ಶುರು ಮಾಡಬೇಡಿ. ರಾತ್ರಿ ಹತ್ತರ ಮೀಟಿಂಗು, ಕೈಯಿಂದ ಕಟ್ಟುವ ಇಂಟರ್ನೆಟ್ ಬಿಲ್ಲು ಅವರನ್ನೂ ಕಾಡುತ್ತಿದೆಯೇ ಎಂದು ಕೇಳಿ.