ಚಿನ್ನ ತೆಗೆದ ಗಣಿಗೆ ಅಣು ತ್ಯಾಜ್ಯವೇ?

2012ರ ನವೆಂಬರ್‌ನಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಜನ ಬೀದಿಗಿಳಿದರು. ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಇಲ್ಲಿನ ಗಣಿಗಳಲ್ಲಿ ಹೂಳುವ ಆಲೋಚನೆಯಿದೆ ಎಂಬ ಮಾತು ಸುಪ್ರೀಂ ಕೋರ್ಟಿನ ವಿಚಾರಣೆಯಲ್ಲಿ ಕೇಂದ್ರದ ಕಡೆಯಿಂದ ಬಂದಿತ್ತು. ಪ್ರತಿಭಟನೆ ಕಾವೇರಿದಾಗ ಅಂಥ ಯೋಜನೆಯೇ ಇಲ್ಲವೆಂದು ಸ್ಪಷ್ಟನೆ ಬಂತು. ಹಾಗಾದರೆ ಕೋಲಾರದ ಹೆಸರು ಬಂದದ್ದಾದರೂ ಎಲ್ಲಿಂದ?

ಅಣು ಇಂಧನ ಸೌದೆಯಂತೆ ಉರಿದು ಬೂದಿಯಾಗುವುದಿಲ್ಲ. ನಮ್ಮ ಕೈಗಾ ಸ್ಥಾವರವನ್ನೇ ನೋಡಿ. ಅಲ್ಲಿ ಬಳಸುವ ಯುರೇನಿಯಂ ಕಂತೆ ಸುಮಾರು ಅರ್ಧ ಮೀಟರ್ ಉದ್ದದ್ದು. ಬಳಸಿ ಹೊರತೆಗೆದಾಗಲೂ ಅದರ ಆಕಾರ ಬದಲಾಗಿರುವುದಿಲ್ಲ. ಆದರೆ ಒಳಹೋಗುವಾಗ ಕೈಯಲ್ಲಿ ಹಿಡಿಯಬಹುದಾಗಿದ್ದ ಕಂತೆಯ ಹತ್ತಿರ, ಹೊರಬಂದ ಮೇಲೆ ಮರೆಯಿಲ್ಲದೆ ನಿಂತವರು ಉಳಿಯಲಾರರು. ವಿಕಿರಣದ ಜೊತೆಗೆ ಶಾಖವೂ ಹೊರಡುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಕೆಲವು ವರ್ಷ ಅದನ್ನು ಆಳವಾದ ನೀರಿನ ಕೊಳದಲ್ಲಿ ಮುಳುಗಿಸಿಡಬೇಕು. ನೀರು ತಂಪನ್ನೂ ಕೊಡುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಆಮೇಲೆ ಬೇಕಾದರೆ ದಪ್ಪ ಗೋಡೆಯ ಪೆಟ್ಟಿಗೆಗಳಲ್ಲಿ ಒಣಗಿದಂತೆಯೇ ಇಡಬಹುದು.

ಮುಂದಿನ ದಾರಿ ಎರಡು. ಅಮೆರಿಕ, ಫಿನ್ಲೆಂಡ್, ಸ್ವೀಡನ್‌ಗಳು ಇಂಧನವನ್ನು ಇದ್ದಂತೆಯೇ ಹೂಳುವ ದಾರಿ ಹಿಡಿದವು. ಭಾರತದ ದೃಷ್ಟಿಯಲ್ಲಿ ಅದು ಕಸವಲ್ಲ, ಕಚ್ಚಾ ಸಾಮಗ್ರಿ. ಅದನ್ನು ಆಮ್ಲದಲ್ಲಿ ಕರಗಿಸಿ ಯುರೇನಿಯಂ, ಪ್ಲುಟೋನಿಯಂಗಳನ್ನು ಬೇರ್ಪಡಿಸುವ ಕೆಲಸ ಟ್ರಾಂಬೆಯಲ್ಲಿ 1960ರ ದಶಕದಲ್ಲೇ ಆರಂಭವಾಯಿತು. ಉಳಿಯುವ ಘೋರ ದ್ರವವನ್ನು ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಗಟ್ಟಿಯಾಗಿಸುತ್ತಾರೆ. ಆದರೂ ಈ ಗಾಜನ್ನು ಕೊನೆಗೆ ಎಲ್ಲಾದರೂ ಆಳದಲ್ಲಿ ಇಡಲೇಬೇಕು. ಮರುಸಂಸ್ಕರಣೆಯಿಂದ ತ್ಯಾಜ್ಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಕೋಲಾರದ ಹೆಸರು ಬಂದದ್ದು ಇಲ್ಲಿಯೇ. ಬಿಸಿ ಡಬ್ಬಿಯನ್ನು ಬಂಡೆಯಲ್ಲಿಟ್ಟರೆ ಬಂಡೆ ಬಿರಿಯುತ್ತದೆಯೆ? ಇದನ್ನು ಅರಿಯಲು 1980ರ ದಶಕದಲ್ಲಿ ವಿಜ್ಞಾನಿಗಳು ಕೋಲಾರದ ಗಣಿಯ ಪಾಳುಬಿದ್ದ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ವಿದ್ಯುತ್ ಹೀಟರ್‌ಗಳಿಂದ ಬಂಡೆಯನ್ನು ಕಾಯಿಸಿ ನೋಡಿದರು. ಪ್ರಯೋಗ ಎಂಟು ವರ್ಷ ನಡೆಯಿತು. ಅಲ್ಲಿ ಪರೀಕ್ಷೆಗೊಳಗಾದದ್ದು ಶಾಖ ಮಾತ್ರ.

ಪ್ರಯೋಗಕ್ಕೆ ಒದಗಿದ ಗಣಿ ಶಾಶ್ವತ ಉಗ್ರಾಣಕ್ಕೂ ಒದಗುತ್ತದೆ ಎನ್ನುವಂತಿಲ್ಲ. ಉಗ್ರಾಣಕ್ಕೆ ಬೇಕಾದದ್ದು ಬಿರುಕಿಲ್ಲದ, ನೀರು ಹರಿಯದ ಬಂಡೆ. ಕೋಲಾರದಲ್ಲಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಅಗೆದಿದ್ದಾರೆ. ಬಂಡೆ ಸಿಡಿತಕ್ಕೆ ಈ ಗಣಿಗಳು ಹೆಸರಾಗಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಪ್ಲುಟೋನಿಯಂ ಅರ್ಧಕ್ಕಿಳಿಯಲು 24,000 ವರ್ಷ ಬೇಕು ಎಂಬುದನ್ನು ನೆನೆದರೆ ಈ ನೀರಿನ ಮಾತು ಸಣ್ಣದಲ್ಲ.

ಗಣಿ ಮುಚ್ಚಿದ ವರ್ಷವೇ ಫಿನ್ಲೆಂಡಿನ ಸಂಸತ್ತು ಯೂರಯೋಕಿ ಎಂಬಲ್ಲಿ ಹೂಳುತಾಣಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಹಳೆಯ ಗಣಿಯನ್ನು ಬಳಸಲಿಲ್ಲ, ಹೊಸದಾಗಿ 400 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದರು. ಬೇಡವೆನ್ನುವ ಹಕ್ಕು ಸ್ಥಳೀಯ ಪುರಸಭೆಗಿತ್ತು. ಅದು ಮೊದಲೇ ಒಪ್ಪಿತ್ತು. ಸೈನೈಡ್ ಗುಡ್ಡಗಳ ದೂಳನ್ನು ಈಗಾಗಲೇ ಕುಡಿಯುತ್ತಿರುವ ಕೋಲಾರ ಚಿನ್ನದ ಗಣಿಯ ಜನರಿಗೆ ಮಾತ್ರ ವಿಷಯ ಗೊತ್ತಾದದ್ದು ದೂರದ ದೆಹಲಿಯ ನ್ಯಾಯಾಲಯದ ಸುದ್ದಿಯಿಂದ.