ಸಂಜೆಯಾದೊಡನೆ ಒಳಗಿಡಬೇಕಾದ ಸೀಸೆ

ಬ್ಯಾಂಕಿನಲ್ಲಿ ಇಪ್ಪತ್ತು ವರ್ಷಗಳಿಂದ ಜಮಾ ಖರ್ಚುಗಳನ್ನು ತಾಳೆ ನೋಡುತ್ತಿರುವವನೊಬ್ಬನು ಬಾವಲಿಗಳ ವಿಷಯವಾಗಿ ಲೇಖನ ಬರೆಯುವುದು ಸಂಘದ ಸದಸ್ಯ ಬಂಧುಗಳಿಗೆ ವಿಚಿತ್ರವಾಗಿ ತೋರಬಹುದು. ಆದರೆ 2023ರ ಆಗಸ್ಟ್ ತಿಂಗಳಲ್ಲಿ ನಮ್ಮ ಕುಟುಂಬಕ್ಕೆ ಒದಗಿದ ಅನುಭವವೊಂದನ್ನು ಈ ಸಂಚಿಕೆಯ ಆರೋಗ್ಯ ಪುಟಗಳಲ್ಲಿ ದಾಖಲಿಸುವುದು ಕರ್ತವ್ಯವೆಂದು ನನಗೆ ತೋರಿತು. ಮುಂಬಯಿಯ ನಮ್ಮವರ ಮಕ್ಕಳು ಇಂದು ದೂರದೇಶಗಳಲ್ಲಿ ನೆಲೆಸಿರುವುದರಿಂದ ಇದು ಕೆಲವರಿಗಾದರೂ ಉಪಯೋಗವಾದೀತು.

ನನ್ನ ತಂಗಿಯ ಸಂಸಾರವು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿದೆ. ರಜೆ ಪಡೆದು, ವೃದ್ಧೆಯಾದ ತಾಯಿಯವರೊಡನೆ ನಾನು ಅಲ್ಲಿಗೆ ಹೋಗಿದ್ದೆನು. ಅದು ಸೊನೋರಾ ಮರುಭೂಮಿಯ ನಡುವಣ ಊರು. ಕಂಬದಂತೆ ನಿಂತ ಸಗ್ವಾರೊ ಕಳ್ಳಿಗಳು ಸುತ್ತಲೂ ಕಾಣುತ್ತವೆ. ತಂಗಿಯ ಹಿತ್ತಲಿನಲ್ಲಿ, ಕೆಂಪು ಪ್ಲಾಸ್ಟಿಕ್ ಹೂಗಳ ತಳವುಳ್ಳ ಗಾಜಿನ ಸೀಸೆಯೊಂದು ತೂಗುತ್ತಿತ್ತು. ಅದರಲ್ಲಿದ್ದುದು ಸಕ್ಕರೆಯ ನೀರು. ಅದನ್ನು ಕುಡಿಯಲು ಹಗಲೆಲ್ಲ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗಳು ಬರುತ್ತಿದ್ದವು. ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಈ ಹಕ್ಕಿಗಳು ನಮ್ಮ ಸೂರಕ್ಕಿಯನ್ನು ನೆನಪಿಗೆ ತರುತ್ತವೆ. ಗಾಳಿಯಲ್ಲಿ ನಿಂತಲ್ಲಿಯೇ ನಿಂತು, ರೆಕ್ಕೆಗಳಿಂದ ಗುಂಯ್‌ಗುಡುತ್ತ ಅವು ಸಿಹಿಯನ್ನು ಹೀರುವ ನೋಟವನ್ನು ತಾಯಿಯವರು ಗಂಟೆಗಟ್ಟಲೆ ಕುಳಿತು ನೋಡುತ್ತಿದ್ದರು.

ತಿಂಗಳ ಕೊನೆಗೆ ಒಂದು ಸೋಜಿಗವಾಯಿತು. ರಾತ್ರಿ ತುಂಬಿದ್ದ ಸೀಸೆಯು ಬೆಳಿಗ್ಗೆ ಬರಿದಾಗಿರುತ್ತಿತ್ತು. ಕೆಳಗಿನ ನೆಲವೆಲ್ಲ ಅಂಟುಅಂಟು. ಒಂದು ರಾತ್ರಿ ದೀಪ ಹಾಕಿ ನೋಡಿದಾಗ ಕಳ್ಳರು ಸಿಕ್ಕಿಬಿದ್ದರು. ಬಾವಲಿಗಳು ಒಂದರ ಹಿಂದೊಂದು ಹಾರಿಬಂದು, ಕ್ಷಣಮಾತ್ರ ನಾಲಿಗೆ ಚಾಚಿ, ಮರೆಯಾಗುತ್ತಿದ್ದವು!

ತಾಯಿಯವರು ಗಾಬರಿಯಾದರು. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಜ್ವರ ಕಾಣಿಸಿಕೊಂಡಾಗ ಪತ್ರಿಕೆಗಳಲ್ಲಿ ಓದಿದ್ದು ಅವರ ಮನಸ್ಸಿನಲ್ಲಿ ಅಚ್ಚೊತ್ತಿತ್ತು. “ಮಗುವಿರೋ ಮನೇಲಿ ಇದೆಲ್ಲ ಯಾಕಮ್ಮಾ? ಆ ಸೀಸೆ ತೆಗೆದು ಎಸೆದುಬಿಡು” ಎಂದರು. “ಹಕ್ಕಿಗಳು ಬೆಳಿಗ್ಗೆ ಬಂದು ಹುಡುಕುತ್ತವಲ್ಲಮ್ಮ” ಎಂದು ತಂಗಿ ಸಂಕಟಪಟ್ಟಳು.

ನೆರೆಮನೆಯ ಹಿರಿಯರೊಬ್ಬರು ನಮ್ಮ ಅಜ್ಞಾನವನ್ನು ತಿದ್ದಿದರು. ಇವು ರಕ್ತ ಹೀರುವ ಬಾವಲಿಗಳಲ್ಲ, ಹೂವಿನ ಮಧುವನ್ನುಂಡು ಬಾಳುವಂಥವು. ನಿಪಾ ರೋಗಾಣುವಿನ ಆಶ್ರಯವಾದ ದೊಡ್ಡ ಹಣ್ಣುಬಾವಲಿಗಳು ಅಮೆರಿಕದಲ್ಲಿಲ್ಲ. ಮೆಕ್ಸಿಕೋದಿಂದ ವಸಂತದಲ್ಲಿ ಬರುವ ಈ ಪ್ರಾಣಿಗಳು ರಾತ್ರಿ ಅರಳುವ ಸಗ್ವಾರೊ ಹೂಗಳಿಗೂ, ಬೇಸಿಗೆಯ ಕೊನೆಗೆ ಕತ್ತಾಳೆಯ ಜಾತಿಯ ಗಿಡಗಳ ಹೂಗಳಿಗೂ ಪರಾಗವನ್ನೊಯ್ಯುತ್ತವೆ; ಮಳೆಗಾಲ ಕಳೆದೊಡನೆ ದಕ್ಷಿಣಕ್ಕೆ ಮರಳುತ್ತವೆ. ಇವುಗಳಲ್ಲಿ ಉದ್ದಮೂಗಿನ ಒಂದು ಜಾತಿಯನ್ನು 1988ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದಾಗ, ತಿಳಿದಿದ್ದ ನೆಲೆಗಳಲ್ಲಿ ಒಂದು ಸಾವಿರಕ್ಕೂ ಕಡಿಮೆ ಇದ್ದವೆಂದು ಎಣಿಸಲಾಗಿತ್ತು. ಎರಡು ದೇಶಗಳ ಪ್ರಯತ್ನದಿಂದ ಆ ಸಂಖ್ಯೆಯು ಸುಮಾರು ಎರಡು ಲಕ್ಷಕ್ಕೆ ಏರಿ, 2018ರಲ್ಲಿ ಅದನ್ನು ಪಟ್ಟಿಯಿಂದ ಕೈಬಿಡಲಾಯಿತು.

“ಅವಕ್ಕೆ ಕೊಡಲು ಇಷ್ಟವಿಲ್ಲದಿದ್ದರೆ ಜಗಳವೇಕೆ? ಸೂರ್ಯ ಮುಳುಗಿದೊಡನೆ ಸೀಸೆಯನ್ನು ಒಳಗಿಡಿ, ಬೆಳಗಾಗುವ ಮುನ್ನ ಹೊರಗೆ ತೂಗುಹಾಕಿ” ಎಂದು ಅವರು ಹೇಳಿದರು. ಹಮ್ಮಿಂಗ್‌ಬರ್ಡ್ ರಾತ್ರಿ ಆಹಾರ ಸೇವಿಸದು. ದೇಹದ ಶಾಖವನ್ನು ತಗ್ಗಿಸಿಕೊಂಡು ನಿಶ್ಚೇಷ್ಟಿತವಾಗಿ ಮಲಗಬಲ್ಲದು. ಆದುದರಿಂದ ಅದಕ್ಕೆ ಇದರಿಂದ ನಷ್ಟವಿಲ್ಲ. ಆದರೆ ಹಸಿದು ಏಳುವ ಅದಕ್ಕೆ ಮುಂಜಾನೆಯ ಆಹಾರ ತಪ್ಪಬಾರದು.

ನಾಲ್ಕು ದಿನ ಹಾಗೆಯೇ ನಡೆಯಿತು. ಐದನೆಯ ಸಂಜೆ ಮಾತಿನ ಭರದಲ್ಲಿ ಎಲ್ಲರೂ ಮರೆತೆವು. ಯಾರ ಮನೆಯದೋ ಬೆಕ್ಕೊಂದು ಸೀಸೆಯ ಕೆಳಗೆ ಹೊಂಚುಹಾಕಿ ಬಾವಲಿಯೊಂದನ್ನು ಹೊಡೆದುರುಳಿಸಿತು. “ಮಾವ, ಇಲಿಮರಿಗೆ ರೆಕ್ಕೆ ಬಂದಿದೆ!” ಎಂಬ ಆರು ವರ್ಷದ ಸೊಸೆಯ ಕೂಗು ಕೇಳಿ ನಾವು ಓಡಿದೆವು. ನೆಲದಲ್ಲಿ ಒದ್ದಾಡುತ್ತಿದ್ದ ಜೀವದ ಕಡೆಗೆ ಅವಳ ಕೈ ಚಾಚಿತ್ತು. “ಮುಟ್ಟಿದೆಯೇನೇ ಪುಟ್ಟಿ?” ಎಂದು ತಂಗಿ ಕೇಳಿದಳು. ಮಗು ಮೊದಲು ಇಲ್ಲವೆಂದು ತಲೆಯಾಡಿಸಿತು. ಅನಂತರ “ಗೊತ್ತಿಲ್ಲ” ಎಂದು ಅತ್ತಿತು.

ಬಾವಲಿಗಳಲ್ಲಿ ಬಹುಪಾಲು ಆರೋಗ್ಯವಂತವೇ. ಆದರೆ ಕೆಲವಕ್ಕೆ ರೇಬಿಸ್ ಇರಬಹುದು. ನಮ್ಮಲ್ಲಿ ಆ ರೋಗವೆಂದರೆ ನಾಯಿಯ ನೆನಪು. ಅಮೆರಿಕದಲ್ಲಿ ಮನುಷ್ಯರಿಗೆ ಅದು ತಗಲುವುದು ಹೆಚ್ಚಾಗಿ ಬಾವಲಿಯಿಂದ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ತಂಗಿಯ ಯಜಮಾನರು ಬಾವಲಿಯ ಮೇಲೆ ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿದರು. ಮಗುವಿನ ಕೈಯನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆಸಿ ವೈದ್ಯರಲ್ಲಿಗೆ ಹೋದೆವು. ಬಾವಲಿಯ ಹಲ್ಲು ಸೂಜಿಮೊನೆಯಷ್ಟು ಸಣ್ಣದು, ಗಾಯವು ಕಣ್ಣಿಗೆ ಕಾಣದೆಯೂ ಇರಬಹುದು ಎಂದರು ವೈದ್ಯರು. ಬಾವಲಿಯನ್ನು ಪರೀಕ್ಷೆಗೆ ಒಯ್ದರು. ಫಲ ತಿಳಿದ ಮೇಲೆ ಚುಚ್ಚುಮದ್ದಿನ ನಿರ್ಧಾರವೆಂದಾಯಿತು.

ಆ ಎರಡು ರಾತ್ರಿಗಳಲ್ಲಿ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರಿಸಲಿಲ್ಲ. ತಾಯಿಯವರು ದೇವರ ದೀಪದ ಮುಂದಿನಿಂದ ಏಳಲಿಲ್ಲ. ಮೂರನೆಯ ದಿನ ರೇಬಿಸ್ ಇಲ್ಲವೆಂಬ ವಾರ್ತೆ ಬಂದಿತು. ಎಲ್ಲರೂ ನಿಟ್ಟುಸಿರಿಟ್ಟೆವು. ಆದರೆ ಆ ಪರೀಕ್ಷೆಗೆ ಬಾವಲಿಯ ಮಿದುಳೇ ಬೇಕು. ಅದನ್ನು ಕೊಲ್ಲದೆ ವಿಧಿಯಿಲ್ಲ. ಇದನ್ನು ಕೇಳಿದಾಗ ತಾಯಿಯವರೇ “ಪಾಪ, ಅದೇನು ತಪ್ಪು ಮಾಡಿತ್ತು?” ಎಂದರು. ಸೀಸೆಯನ್ನು ಒಳಗಿಡಲು ಬೇಕಾದುದು ಅರ್ಧ ನಿಮಿಷ. ಅದನ್ನು ಉಳಿಸಹೋಗಿ ನಾವು ತೆತ್ತ ಬೆಲೆಯನ್ನು ಯಾವ ಲೆಕ್ಕದಲ್ಲಿ ಬರೆಯಲಿ?

ಅಂತಹ ಊರುಗಳಲ್ಲಿರುವ ನಮ್ಮವರು ಈ ಕೆಳಗಿನವನ್ನು ಗಮನದಲ್ಲಿಡಬೇಕಾಗಿ ವಿನಂತಿ:

1. ಒಂದು ಭಾಗ ಬಿಳಿ ಸಕ್ಕರೆಗೆ ನಾಲ್ಕು ಭಾಗ ನೀರು. ಜೇನು, ಬೆಲ್ಲ, ಬಣ್ಣ ಯಾವುದೂ ಕೂಡದು. ಸೆಕೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು ಹೊಸನೀರು ತುಂಬಬೇಕು.

2. ಬಾವಲಿಗಳು ಬರುವ ತಿಂಗಳುಗಳಲ್ಲಿ ಸಂಜೆ ಸೀಸೆ ಒಳಗಿರಲಿ. ಅಂಟು, ಎಣ್ಣೆ, ಖಾರದ ಪುಡಿಗಳನ್ನು ಬಳಿಯುವುದು ಹಕ್ಕಿಗೂ ಅಪಾಯಕರ.

3. ಬಾವಲಿಯನ್ನು ಬರಿಗೈಯಿಂದ ಮುಟ್ಟಲಾಗದು. ಕಚ್ಚಿದರೆ, ಅಥವಾ ಮಲಗಿದ್ದ ಕೋಣೆಯಲ್ಲಿ ಬಾವಲಿ ಕಂಡರೆ, ಅಂದೇ ವೈದ್ಯರನ್ನು ಕಾಣಬೇಕು.

ಇಲ್ಲಿರುವ ನಮಗೂ ಇದರಲ್ಲಿ ಪಾಠವುಂಟು. ಬಾಂಗ್ಲಾದೇಶದಲ್ಲಿ ಈಚಲು ಮರದ ರಸ ಇಳಿಸುವ ಮಡಕೆಗೆ ಬಾವಲಿಗಳು ಬಾಯಿ ಹಾಕಿ ನಿಪಾ ಹರಡಿದಾಗ, ರಸ ಒಸರುವ ಜಾಗಕ್ಕೆ ಬಿದಿರಿನ ತಟ್ಟಿ ಕಟ್ಟುವುದು ಉತ್ತಮ ಉಪಾಯವೆಂದು ಕಂಡುಬಂದಿತು. ಮರವನ್ನು ಕಡಿಯಬೇಕಾಗಲಿಲ್ಲ, ಬಾವಲಿಯನ್ನು ಕೊಲ್ಲಬೇಕಾಗಲಿಲ್ಲ. ನಮ್ಮ ಕಟ್ಟಡಗಳ ಅಂಗಳದಲ್ಲಿ ಬಾವಲಿ ಕಚ್ಚಿ ಕೆಡವಿದ ಪೇರಲ, ಚಿಕ್ಕುಗಳನ್ನು ಮಕ್ಕಳು ಆರಿಸಿ ತಿನ್ನದಂತೆ ನೋಡಿಕೊಂಡರೆ ಸಾಕು.

ತಂಗಿಯ ಮನೆಯ ಅಡುಗೆಕೋಣೆಯಲ್ಲಿ ಈಗ ಸೀಸೆಗೆಂದೇ ಒಂದು ಮೊಳೆಯಿದೆ. ದೇವರ ದೀಪ ಹಚ್ಚುವ ಹೊತ್ತಿಗೆ ಅದನ್ನು ಒಳಗೆ ತರಲು ನೆನಪಿಸುವುದು ನನ್ನ ಸೊಸೆಯ ಕೆಲಸ. ಈವರೆಗೆ ಒಂದು ದಿನವೂ ತಪ್ಪಿಲ್ಲವೆಂದು ದೂರವಾಣಿಯಲ್ಲಿ ಅಜ್ಜಿಗೆ ವರದಿ ಒಪ್ಪಿಸುತ್ತಾಳೆ.