ಬಾಗಿಲು ಮುಚ್ಚಿದ ತಪಸ್ಸುಕಾಲ

ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಬರುವವರೆಲ್ಲ ಕ್ರೈಸ್ತರಲ್ಲ. ಮಗುವಿನ ಜ್ವರ ಬಿಡಲೆಂದು, ಮನೆಯ ಹಿರಿಯರು ಹಾಸಿಗೆಯಿಂದ ಏಳಲೆಂದು ಹರಕೆ ಹೊತ್ತು ಮೇಣದ ಬತ್ತಿ ಹಚ್ಚುವವರಲ್ಲಿ ಎಲ್ಲ ಜಾತಿ, ಮತದವರಿದ್ದಾರೆ. ಸೆಪ್ಟೆಂಬರ್ 8ರ ವಾರ್ಷಿಕ ಹಬ್ಬಕ್ಕಂತೂ ಸುತ್ತಲಿನ ಜಿಲ್ಲೆಗಳಿಂದ ಜನ ಹರಿದುಬರುತ್ತಾರೆ. 2019ರಲ್ಲಿ ಈ ದೇವಾಲಯಕ್ಕೆ ರೋಮ್ 'ಕಿರಿಯ ಬೆಸಿಲಿಕಾ' ಎಂಬ ಗೌರವದ ಪದವಿಯನ್ನು ನೀಡಿತು. ಇದಾದ ಮರುವರ್ಷವೇ, ಆರೋಗ್ಯಕ್ಕಾಗಿ ಇಡೀ ಜಗತ್ತು ಮೊರೆಯಿಡುತ್ತಿದ್ದ ಹೊತ್ತಿನಲ್ಲಿ, ಆರೋಗ್ಯಮಾತೆಯ ಬಾಗಿಲೂ ಮುಚ್ಚಬೇಕಾಗಿ ಬಂತು. ಕ್ರೈಸ್ತರ ವರ್ಷದಲ್ಲಿ ಅದು ತಪಸ್ಸುಕಾಲ.

ತಪಸ್ಸುಕಾಲವೆಂದರೆ ಪುನರುತ್ಥಾನ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನಗಳ ವ್ರತದ ಅವಧಿ. ಕ್ಯಾಲೆಂಡರಿನಲ್ಲಿ ಎಣಿಸಿದರೆ ದಿನಗಳು ನಲವತ್ತಾರು ಬರುತ್ತವೆ. ನಡುವಿನ ಆರು ಭಾನುವಾರಗಳು ಕ್ರಿಸ್ತನ ಪುನರುತ್ಥಾನದ ನೆನಪಿನ ದಿನಗಳಾದ್ದರಿಂದ ಅವುಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ದಿನ ಬುಧವಾರ. ಅಂದು ಗುರುಗಳು ಭಕ್ತರ ಹಣೆಗೆ ಬೂದಿಯಿಂದ ಶಿಲುಬೆಯ ಗುರುತು ಹಾಕಿ, ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು ಎಂದು ನೆನಪಿಸುತ್ತಾರೆ. ಕನ್ನಡದ ಕಥೋಲಿಕರು ಇದನ್ನು 'ವಿಭೂತಿ ಬುಧವಾರ' ಎನ್ನುವುದುಂಟು. ವಿಭೂತಿಯನ್ನು ದಿನವೂ ಧರಿಸುವ ಮನೆಗಳೇ ಹೆಚ್ಚಿರುವ ದಾವಣಗೆರೆ ಸೀಮೆಯಲ್ಲಿ ಆ ಹೆಸರಿಗೆ ವಿವರಣೆ ಬೇಕಾಗುವುದಿಲ್ಲ. ಬೂದಿ ಮಾಡುವುದು ಹಿಂದಿನ ವರ್ಷ 'ಗರಿಗಳ ಭಾನುವಾರ'ದಂದು ಆಶೀರ್ವದಿಸಿ ಹಂಚಿದ ಗರಿಗಳನ್ನು ಸುಟ್ಟು. ಆ ಗರಿಗಳು ಮನೆಗಳಲ್ಲಿ ಶಿಲುಬೆಯ ಹಿಂದೆ, ಪಟದ ಹಿಂದೆ ವರ್ಷವಿಡೀ ಒಣಗಿ, ಮತ್ತೆ ಚರ್ಚಿಗೆ ಬರುತ್ತವೆ.

2020ರಲ್ಲಿ ಬೂದಿಯ ಬುಧವಾರ ಬಂದದ್ದು ಫೆಬ್ರುವರಿ 26ರಂದು. ಆಗಿನ್ನೂ ಕೊರೊನಾ ಎಂಬುದು ಪತ್ರಿಕೆಯ ವಿದೇಶ ವಾರ್ತೆಯ ಪುಟದ ಸುದ್ದಿ. ಎರಡು ವಾರ ಕಳೆಯುವುದರೊಳಗೆ ಸ್ಥಿತಿ ಬದಲಾಯಿತು. ದೇಶದ ಮೊದಲ ಕೊರೊನಾ ಸಾವು ಕರ್ನಾಟಕದ ಕಲಬುರಗಿಯಲ್ಲೇ ದಾಖಲಾಯಿತು. ಮಾರ್ಚ್ 14ರಿಂದ ರಾಜ್ಯದಲ್ಲಿ ಚಿತ್ರಮಂದಿರ, ಮಾಲ್, ಜಾತ್ರೆಗಳು ನಿಂತವು. ತಪಸ್ಸುಕಾಲದ ನಾಲ್ಕನೆಯ ಭಾನುವಾರವಾದ ಮಾರ್ಚ್ 22 ಜನತಾ ಕರ್ಫ್ಯೂ ದಿನವಾಯಿತು. 24ರ ಮಧ್ಯರಾತ್ರಿಯಿಂದ ಇಪ್ಪತ್ತೊಂದು ದಿನಗಳ ಲಾಕ್‌ಡೌನ್. ಪ್ರಾರ್ಥನಾಲಯಗಳೆಲ್ಲ ಸಾರ್ವಜನಿಕರಿಗೆ ಮುಚ್ಚಿರಬೇಕು, ಧಾರ್ಮಿಕ ಸಭೆಗಳಿಗೆ ಯಾವ ವಿನಾಯಿತಿಯೂ ಇಲ್ಲ, ಅಂತ್ಯಕ್ರಿಯೆಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಕೂಡದು ಎಂದು ಕೇಂದ್ರದ ಆದೇಶ ಹೇಳಿತು. ಮೊದಲ ದಿನವೇ ಯುಗಾದಿ. ಬೇವು ಬೆಲ್ಲ ಹಂಚಲು ನೆರೆಮನೆಗೂ ಹೋಗುವಂತಿರಲಿಲ್ಲ. ರಾಮನವಮಿ, ಮಹಾವೀರ ಜಯಂತಿಗಳೂ ಅದೇ ಇಪ್ಪತ್ತೊಂದು ದಿನಗಳಲ್ಲಿ ಕಳೆದುಹೋದವು. ಕ್ರೈಸ್ತರ ಮಟ್ಟಿಗೆ ವರ್ಷದ ಅತಿ ಮುಖ್ಯ ವಾರ, ಏಪ್ರಿಲ್ 5ರ ಗರಿಗಳ ಭಾನುವಾರದಿಂದ 12ರ ಈಸ್ಟರ್‌ವರೆಗೆ, ಇಡಿಯಾಗಿ ಆ ಅವಧಿಯೊಳಗೇ ಬಿತ್ತು.

ಹಬ್ಬವನ್ನು ಮುಂದೂಡಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಮದುವೆ, ಜಾತ್ರೆ, ಪರೀಕ್ಷೆ ಎಲ್ಲವೂ ಮುಂದೆ ಹೋದವು. ಈಸ್ಟರ್ ಹೋಗಲಿಲ್ಲ. ಕ್ರಿ.ಶ. 325ರ ನೈಸಿಯಾ ಮಹಾಸಭೆಯ ಕಾಲದಿಂದ ನಿಂತಿರುವ ಲೆಕ್ಕದಂತೆ, ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರವೇ ಈಸ್ಟರ್. ನಮ್ಮ ಪಂಚಾಂಗದವರಿಗೆ ಇದು ಅಪರಿಚಿತ ಬಗೆಯ ಲೆಕ್ಕವಲ್ಲ. ಆ ವರ್ಷ ಹುಣ್ಣಿಮೆ ಏಪ್ರಿಲ್ 8, ಹಬ್ಬ 12. ಮಾರ್ಚ್ 19 ಮತ್ತು 25ರಂದು ವ್ಯಾಟಿಕನ್ನಿನ ಆರಾಧನಾ ವಿಧಿಗಳ ಇಲಾಖೆ ಹೊರಡಿಸಿದ ಆದೇಶಗಳು ಈ ಮಾತನ್ನು ಸ್ಪಷ್ಟಪಡಿಸಿದವು: ಈಸ್ಟರ್ ಇತರ ಹಬ್ಬಗಳಂಥದ್ದಲ್ಲ, ಅದನ್ನು ಸರಿಸಲಾಗದು. ಧರ್ಮಾಧ್ಯಕ್ಷರು ಪವಿತ್ರ ತೈಲಗಳನ್ನು ಆಶೀರ್ವದಿಸುವ ಪೂಜೆಯನ್ನು ಬೇಕಾದರೆ ಮುಂದೂಡಬಹುದು. ಬೀದಿ ಮೆರವಣಿಗೆಗಳನ್ನು ಸೆಪ್ಟೆಂಬರ್ 14 ಮತ್ತು 15ಕ್ಕೆ ಇಟ್ಟುಕೊಳ್ಳಬಹುದು. ಉಳಿದವನ್ನು ಜನರಿಲ್ಲದೆಯೇ ನಡೆಸಬೇಕು.

ಜನರಿಲ್ಲದೆ ನಡೆಸುವುದೆಂದರೆ ಏನೇನು ಬಿಡಬೇಕಾಯಿತು ಎಂಬುದನ್ನು ನೋಡಿದರೆ, ಈ ವಾರದ ಆಚರಣೆಗಳೆಲ್ಲ ಎಷ್ಟರ ಮಟ್ಟಿಗೆ ಕೈ, ಕಾಲು, ತುಟಿಗಳ ಆಚರಣೆಗಳು ಎಂಬುದು ಹೊಳೆಯುತ್ತದೆ. ಗರಿಗಳ ಭಾನುವಾರ ತೆಂಗಿನ ಇಲ್ಲವೇ ಈಚಲ ಗರಿ ಹಿಡಿದು ಹೊರಗಿನಿಂದ ಚರ್ಚಿನವರೆಗೆ ಹಾಡುತ್ತ ನಡೆಯುವ ಪದ್ಧತಿ. ಅದು ಗೋಡೆಗಳ ಒಳಗೇ ಮುಗಿಯಿತು. ಪವಿತ್ರ ಗುರುವಾರ, ಯೇಸು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ, ಗುರುಗಳು ಬಗ್ಗಿ ಹನ್ನೆರಡು ಜನರ ಕಾಲು ತೊಳೆದು ಒರೆಸುತ್ತಾರೆ. ಆ ವಿಧಿಯನ್ನೇ ಕೈಬಿಡಲಾಯಿತು. ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲ. ಜನ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುವುದೇ ಅಂದಿನ ಮುಖ್ಯ ದೃಶ್ಯ. ಮುತ್ತಿಡುವ ಅವಕಾಶ ಗುರು ಒಬ್ಬರಿಗೆ ಮಾತ್ರ ಉಳಿಯಿತು. ಬದಲಿಗೆ ಅಂದಿನ ಸಾರ್ವತ್ರಿಕ ಪ್ರಾರ್ಥನೆಗಳ ಸಾಲಿಗೆ ರೋಗಿಗಳಿಗಾಗಿ, ಸತ್ತವರಿಗಾಗಿ, ದಿಕ್ಕು ತೋಚದವರಿಗಾಗಿ ಒಂದು ಹೊಸ ಪ್ರಾರ್ಥನೆ ಸೇರಿತು. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯಲ್ಲಿ ಚರ್ಚಿನ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ, ಆ ಬತ್ತಿಯಿಂದ ಪ್ರತಿಯೊಬ್ಬರ ಕೈಯ ಬತ್ತಿ ಹೊತ್ತಿಸಿಕೊಳ್ಳುತ್ತ ಕತ್ತಲ ಚರ್ಚಿನೊಳಗೆ ನಡೆಯುತ್ತಾರೆ. 2020ರಲ್ಲಿ ಬೆಂಕಿಯೂ ಇಲ್ಲ, ನಡಿಗೆಯೂ ಇಲ್ಲ. ಒಂದೇ ಬತ್ತಿ ಉರಿಯಿತು.

ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಥೋಲಿಕರು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದವರು. ಧರ್ಮಕ್ಷೇತ್ರದ ಕೆಳಗೆ ಧರ್ಮಕೇಂದ್ರಗಳು, ಅಂದರೆ ಒಬ್ಬ ಗುರುವಿನ ಉಸ್ತುವಾರಿಯ ಊರುಕೇರಿಗಳು. ಇಲ್ಲಿನ ಧರ್ಮಕೇಂದ್ರಗಳಲ್ಲಿ ಜನ ಒಂದೇ ಕೇರಿಯಲ್ಲಿ ಒತ್ತಾಗಿ ಇರುವುದಿಲ್ಲ. ಶಾಮನೂರು ಈಗ ದಾವಣಗೆರೆ ನಗರದಲ್ಲೇ ಬೆರೆತುಹೋದ ಊರು. ಅಲ್ಲಿಂದ ಹರಿಹರದ ಬೆಸಿಲಿಕಾಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು, ಎಂದಿನ ದಿನಗಳಲ್ಲಿ ಬಸ್ಸು ಹತ್ತಿದರೆ ಮುಗಿಯಿತು. ಬಸ್ಸು ನಿಂತು, ರಸ್ತೆಗೆ ಅಡ್ಡಗಟ್ಟೆ ಬಿದ್ದ ಮೇಲೆ ಆ ದೂರ ಬೇರೆಯೇ ಆಯಿತು.

ಹಬ್ಬದ ಸಡಗರ ತಪ್ಪಿದ್ದನ್ನು ಸಹಿಸಬಹುದು. ನಿಜವಾಗಿ ಕಾಡಿದ್ದು ಸಾಯುವವರ ಪ್ರಶ್ನೆ. ಕಥೋಲಿಕರಲ್ಲಿ ಪಾಪನಿವೇದನೆ ಗುರುವಿನ ಎದುರಿಗೇ ಆಗಬೇಕು. ಫೋನಿನಲ್ಲಿ ಹೇಳಿಕೊಂಡರೆ ಸಂಸ್ಕಾರವಾಗದು. ರೋಗಿಯ ಹಣೆಗೆ, ಅಂಗೈಗೆ ತೈಲ ಹಚ್ಚುವ ಅಂತಿಮ ಕಾಲದ ಸಂಸ್ಕಾರವಂತೂ ಮುಟ್ಟದೆ ಆಗುವಂಥದ್ದೇ ಅಲ್ಲ. ಸೋಂಕಿನ ವಾರ್ಡಿಗೆ ಮನೆಯವರಿಗೇ ಪ್ರವೇಶವಿಲ್ಲದಿದ್ದಾಗ ಗುರುವಿಗೆಲ್ಲಿ? ಮಾರ್ಚ್ 20ರಂದು ರೋಮ್ ಇದಕ್ಕೊಂದು ದಾರಿ ತೋರಿಸಿತು. ಗುರು ಸಿಗದಿದ್ದರೆ ಮನುಷ್ಯ ತನ್ನ ತಪ್ಪನ್ನು ನೇರವಾಗಿ ದೇವರ ಮುಂದೆ ಒಪ್ಪಿಕೊಂಡು ಪಶ್ಚಾತ್ತಾಪ ಪಡಲಿ, ಸಾಧ್ಯವಾದಾಗ ಗುರುವಿನ ಬಳಿ ಹೋಗುವ ಸಂಕಲ್ಪವಿರಲಿ, ಅಷ್ಟು ಸಾಕು ಎಂದಿತು. ಸಂಸ್ಕಾರ ಸಿಗದೆ ಸಾಯುವ ವಿಶ್ವಾಸಿಗೂ ವಿಶೇಷ ಕ್ಷಮಾನುಗ್ರಹವಿದೆ ಎಂದು ಸಾರಿತು. ಇದು ಹೊಸ ಬೋಧನೆಯಲ್ಲ. ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಮೊದಲಿಂದ ಇದ್ದುದೇ. ಆದರೆ ಅಷ್ಟು ಜನರಿಗೆ ಒಮ್ಮೆಲೇ ಅದರ ಅಗತ್ಯ ಬಿದ್ದಿರಲಿಲ್ಲ.

ಪಿಡುಗು ಮತ್ತು ಪೂಜೆಯ ನಡುವೆ ಸಿಕ್ಕಿಬಿದ್ದ ಅನುಭವವೂ ಕ್ರೈಸ್ತ ಸಭೆಗೆ ಹಳೆಯದು. 1576ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ಬಂದು ಜನರನ್ನೆಲ್ಲ ಮನೆಯೊಳಗೇ ಇರಿಸಿದಾಗ, ಅಲ್ಲಿನ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಬೀದಿಗಳು ಕೂಡುವ ಕಡೆ ಪೀಠಗಳನ್ನು ಹಾಕಿಸಿದ. ಜನ ಕಿಟಕಿಯಿಂದಲೇ ಬಲಿಪೂಜೆ ಕಂಡರು. ತಪಸ್ಸುಕಾಲದ ಶುಕ್ರವಾರಗಳಂದು ನಡೆಯುವ 'ಶಿಲುಬೆ ಹಾದಿ'ಯ ಮೂಲವೂ ಇಂಥದ್ದೇ. ಜೆರುಸಲೇಮಿಗೆ ಯಾತ್ರೆ ಹೋಗಲಾಗದವರು ತಮ್ಮ ಊರಲ್ಲೇ ಯೇಸುವಿನ ಕೊನೆಯ ಪಯಣವನ್ನು ಹೆಜ್ಜೆ ಹೆಜ್ಜೆಗೆ ನಿಂತು ಧ್ಯಾನಿಸಲು ಹುಟ್ಟಿದ ಭಕ್ತಿಕ್ರಮ ಅದು. ಹದಿನಾಲ್ಕು ನಿಲುಗಡೆಗಳು ಖಚಿತವಾದದ್ದು 1731ರಲ್ಲಿ. ಹೋಗಲಾಗದವರಿಗಾಗಿ ಹುಟ್ಟಿದ್ದು, ಹೋಗಲಾಗದ ವರ್ಷ ಮನೆಯ ಗೋಡೆಗೆ ಬಂದಿತು ಎನ್ನಬಹುದು.

ನಮ್ಮ ಸೀಮೆಯಲ್ಲೂ ಪಿಡುಗಿನ ನೆನಪು ಇಲ್ಲದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಆ ರೈಲುದಾರಿ ಹರಿಹರ, ದಾವಣಗೆರೆಗಳನ್ನು ಹಾದೇ ಹೋಗುತ್ತದೆ. ಆಗ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಬದುಕುತ್ತಿದ್ದರು. 2020ರಲ್ಲಿ ಆದದ್ದು ಅದರ ತಿರುವು: ಮನೆ ಬಿಟ್ಟು ಕದಲುವಂತಿರಲಿಲ್ಲ.

ಬೊರೊಮಿಯೊನ ಕಿಟಕಿಯ ಜಾಗದಲ್ಲಿ ಈ ಸಲ ಇದ್ದದ್ದು ಮೊಬೈಲು. ಬೆಂಗಳೂರು ಮಹಾಧರ್ಮಕ್ಷೇತ್ರವೂ ಸೇರಿದಂತೆ ಅನೇಕ ಕಡೆಗಳಿಂದ ಬಲಿಪೂಜೆ ಯೂಟ್ಯೂಬಿನಲ್ಲಿ ನೇರವಾಗಿ ಪ್ರಸಾರವಾಯಿತು. ಮಾರ್ಚ್ 27ರ ಸಂಜೆ ಮಳೆಯಲ್ಲಿ ತೊಯ್ದ, ನರಪಿಳ್ಳೆಯಿಲ್ಲದ ಸಂತ ಪೇತ್ರರ ಚೌಕದಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಒಬ್ಬರೇ ನಡೆದು ಬಂದು ಪ್ರಾರ್ಥಿಸಿದ್ದನ್ನು ಜಗತ್ತೇ ಕಂಡಿತು. 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಹೊತ್ತು ಮೆರೆಸಿದ್ದ ಶಿಲುಬೆಯನ್ನು ಅಂದು ಅಲ್ಲಿ ತಂದು ನಿಲ್ಲಿಸಿದ್ದರು. ಆದರೆ ಪರಮಪ್ರಸಾದ ಎಂಬುದು ತಿನ್ನುವ ರೊಟ್ಟಿ, ನೋಡುವ ಚಿತ್ರವಲ್ಲ. ಪ್ರಸಾರ ನೋಡುವವರು ಮನಸ್ಸಿನಲ್ಲೇ ಸ್ವೀಕರಿಸುವ ಪ್ರಾರ್ಥನೆ ಹೇಳಿ ತೃಪ್ತಿಪಡಬೇಕಾಯಿತು. ಪೋಪರೇ ಏಪ್ರಿಲ್ 17ರ ಪ್ರವಚನದಲ್ಲಿ, ಪರದೆಯ ಮೇಲಿನದು ಸಂಕಟಕಾಲದ ವ್ಯವಸ್ಥೆ, ಇದೇ ಸಭೆಯಲ್ಲ ಎಂದು ಎಚ್ಚರಿಸಿದರು. ಮಾತು ಸರಿಯೇ. ಆದರೆ ಒಳ್ಳೆಯ ಫೋನು, ಡೇಟಾ ಎರಡೂ ಇಲ್ಲದ ಕೂಲಿ ಮನೆಗಳಿಗೆ, ಒಂಟಿಯಾಗಿದ್ದ ಮುದುಕರಿಗೆ ಆ ವ್ಯವಸ್ಥೆಯೂ ಇರಲಿಲ್ಲ. ಅವರ ಕೈಯಲ್ಲಿ ಉಳಿದದ್ದು ಜಪಸರ.

ಹಾಗೆ ನೋಡಿದರೆ ಕ್ರೈಸ್ತರ ಕಾಲಗಳಲ್ಲೆಲ್ಲ ಮನೆಯೊಳಗೆ ಸಲ್ಲುವಂಥದ್ದು ತಪಸ್ಸುಕಾಲವೇ. ಅದರ ಮೂರು ಕಂಬಗಳು ಪ್ರಾರ್ಥನೆ, ಉಪವಾಸ, ದಾನ. ಬೂದಿಯ ಬುಧವಾರದಂದು ಚರ್ಚಿನಲ್ಲಿ ಓದುವುದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯವನ್ನು. ಜನ ನೋಡಲೆಂದು ಬೀದಿಯಲ್ಲಿ ಪ್ರಾರ್ಥಿಸಬೇಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂಬುದು ಅದರ ತಾತ್ಪರ್ಯ. ಪ್ರತಿವರ್ಷ ಕೇಳಿ ಮರೆಯುವ ಮಾತು. 2020ರ ಫೆಬ್ರುವರಿ 26ರಂದು ಅದನ್ನು ಕೇಳಿದವರಿಗೆ ಒಂದು ತಿಂಗಳೊಳಗೆ ಬಾಗಿಲು ನಿಜಕ್ಕೂ ಮುಚ್ಚಿತು. ಉಪವಾಸದ ನಿಯಮಕ್ಕೂ ಚರ್ಚು ಬೇಕಿಲ್ಲ. ಬೂದಿಯ ಬುಧವಾರ ಮತ್ತು ಶುಭ ಶುಕ್ರವಾರ ಹದಿನೆಂಟರಿಂದ ಐವತ್ತೊಂಬತ್ತು ವಯಸ್ಸಿನವರು ಒಂದೇ ಹೊತ್ತು ಹೊಟ್ಟೆತುಂಬ ಉಣ್ಣಬೇಕು, ಹದಿನಾಲ್ಕು ದಾಟಿದವರು ಮಾಂಸ ಬಿಡಬೇಕು. ಕೂಲಿಯೇ ನಿಂತುಹೋದ ಆ ವಾರಗಳಲ್ಲಿ ಬೇಡವೆಂದು ಬಿಟ್ಟ ಊಟಕ್ಕೂ ಇಲ್ಲದೆ ಬಿಟ್ಟ ಊಟಕ್ಕೂ ಅಂತರ ಉಳಿಯದ ಮನೆಗಳು ಎಷ್ಟೋ. ದಾನದ್ದು ಮಾತ್ರ ತೊಡಕಾಯಿತು. ಚರ್ಚು ಮುಚ್ಚಿದರೆ ಕಾಣಿಕೆ ತಟ್ಟೆಯೂ ಇಲ್ಲ. ಶುಭ ಶುಕ್ರವಾರದಂದು ಯೇಸುವಿನ ನಾಡಿನ ಕ್ರೈಸ್ತರಿಗಾಗಿ ಲೋಕದ ಎಲ್ಲ ಚರ್ಚುಗಳಲ್ಲಿ ಎತ್ತುವ ನಿಧಿಯನ್ನು ಆ ವರ್ಷ ಸೆಪ್ಟೆಂಬರ್ 13ಕ್ಕೆ ಮುಂದೂಡಬೇಕಾಯಿತು.

ಪ್ರಾರ್ಥನಾಲಯಗಳು ತೆರೆಯಬಹುದೆಂದು ಕೇಂದ್ರ ಒಪ್ಪಿದ್ದು 2020ರ ಜೂನ್ 8ರಿಂದ. ಆರಡಿ ಅಂತರವಿರಲಿ, ವಿಗ್ರಹ, ಗ್ರಂಥಗಳನ್ನು ಮುಟ್ಟಬಾರದು, ತೀರ್ಥ ಚಿಮುಕಿಸಬಾರದು, ಪ್ರಸಾದ ಹಂಚಬಾರದು, ಗಾಯನವೃಂದದ ಬದಲು ಧ್ವನಿಮುದ್ರಿತ ಹಾಡು ಹಾಕಬಹುದು ಎಂಬ ನಿಯಮಗಳು ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ ಒಂದೇ.

2021ರ ಬೂದಿಯ ಬುಧವಾರ ಫೆಬ್ರುವರಿ 17. ಹಣೆಗೆ ಹೆಬ್ಬೆರಳಿಟ್ಟು ಗುರುತು ಮಾಡುವ ಬದಲು ಗುರು ಮುಖಗವಸು ಹಾಕಿಕೊಂಡು, ಎಲ್ಲರಿಗೂ ಒಂದೇ ಸಲ ಮಂತ್ರ ಹೇಳಿ, ಬಳಿಕ ಮೌನವಾಗಿ ನೆತ್ತಿಯ ಮೇಲೆ ಬೂದಿ ಉದುರಿಸಲಿ ಎಂದು ರೋಮ್ ಜನವರಿಯಲ್ಲೇ ಸೂಚಿಸಿತ್ತು. ಇಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಹಿಂದಿನ ವರ್ಷ ಗರಿಗಳನ್ನೇ ಹಂಚಿರಲಿಲ್ಲ. ಸುಡಲು ಮನೆಗಳಿಂದ ತರಬೇಕಾದ ಗರಿ 2020ರದ್ದಾಗಿರಲು ಸಾಧ್ಯವೇ ಇರಲಿಲ್ಲ. ಇದ್ದರೆ 2019ರದ್ದು, ಎರಡು ಬೇಸಿಗೆ ಕಂಡ ಗರಿ. ಆ ವರ್ಷ ಏಪ್ರಿಲ್ 4ರ ಈಸ್ಟರ್ ಜನರೊಂದಿಗೇ ನಡೆಯಿತಾದರೂ, ತಿಂಗಳು ಮುಗಿಯುವ ಮೊದಲೇ ಎರಡನೆಯ ಅಲೆ ಬಂದು ರಾಜ್ಯದ ಪ್ರಾರ್ಥನಾಲಯಗಳ ಬಾಗಿಲು ಮತ್ತೆ ಮುಚ್ಚಿತು.

2022ರಲ್ಲಿ ತಪಸ್ಸುಕಾಲ ಮಾರ್ಚ್ 2ರಂದು ಮೊದಲಾಯಿತು. ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೇಂದ್ರದ ನಿರ್ಬಂಧಗಳು ಆ ತಿಂಗಳ ಕೊನೆಗೆ ತೆರವಾದವು. ಏಪ್ರಿಲ್ 10 ಗರಿಗಳ ಭಾನುವಾರ. ಅಂದು ಮನೆಗೆ ಹೋದ ಗರಿಗಳೇ 2023ರ ಫೆಬ್ರುವರಿ 22ಕ್ಕೆ ಬೂದಿಯಾಗಬೇಕಾಗಿದ್ದವು.